ತಿರುಗಿಸಿದ್ದು ನೆನಪಿಲ್ಲ

ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಕೋಣೆಗೂ ಇಸ್ತ್ರಿಯಕ್ಕನ ಅಂಗಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ ಮಾತ್ರ. ಮೊದಲು ಅದು ಒಂದೇ ಮಳಿಗೆಯಾಗಿತ್ತಂತೆ; ಮಾಲೀಕರು ಎರಡು ಬಾಡಿಗೆ ಬರಲಿ ಎಂದು ನಡುವೆ ಹಲಗೆ ಹೊಡೆಸಿದ್ದರು. ಹಲಗೆ ಸೂರಿನವರೆಗೂ ಮುಟ್ಟಿರಲಿಲ್ಲ. ಅವಳ ಕಡೆಯ ಸೆಕೆ, ನೀರು ಚಿಮುಕಿಸಿದ ಹತ್ತಿಬಟ್ಟೆಯ ವಾಸನೆ ನನ್ನ ಕಡೆಗೆ ಬರುತ್ತಿತ್ತು. ನನ್ನ ಇಂಗ್ಲಿಷ್ ಅವಳ ಕಡೆಗೆ ಹೋಗುತ್ತಿತ್ತು.

ನನ್ನ ಹತ್ತಿರ ಬರುತ್ತಿದ್ದವರು ದೊಡ್ಡವರೇ. ಔಷಧಿ ಅಂಗಡಿಯಲ್ಲಿ ನಿಲ್ಲುವವರು, ಇಬ್ಬರು ಡ್ರೈವರುಗಳು, ಮಕ್ಕಳ ಪುಸ್ತಕ ಬಿಡಿಸಿದರೆ ತಲೆಬುಡ ತಿಳಿಯುವುದಿಲ್ಲ ಎಂದು ನಾಚಿಕೆಪಟ್ಟುಕೊಂಡು ಬಂದ ನಾಲ್ಕೈದು ತಾಯಂದಿರು. ಸಂಜೆ ಐದೂವರೆಗೆ ಎಲ್ಲರೂ ಒಟ್ಟಿಗೆ "ಗುಡ್ ಈವ್ನಿಂಗ್ ಟೀಚರ್" ಅಂದರೆ, ಅರೆಗಳಿಗೆ ತಡವಾಗಿ ಹಲಗೆಯ ಆಚೆಯಿಂದಲೂ ಒಂದು ಗುಡ್ ಈವ್ನಿಂಗ್ ತೇಲಿಬರುತ್ತಿತ್ತು. ಯಾರಾದರೂ ಉತ್ತರಕ್ಕೆ ತಡವರಿಸಿದಾಗ ಅಕ್ಕ ಸುಮ್ಮನಿರುತ್ತಿರಲಿಲ್ಲ. "ವೆಂಟ್! ಗೋ ಅಲ್ಲ, ವೆಂಟ್! ನಿನ್ನೆ ತಾನೇ ಹೇಳಿದ್ರು ಟೀಚರು" ಎಂದು ಆಚೆಯಿಂದ ಕೂಗುತ್ತಿದ್ದಳು. ತರಗತಿ ಬಿದ್ದುಬಿದ್ದು ನಗುತ್ತಿತ್ತು. ದುಡ್ಡು ಕೊಡದೆ ಕಲಿತ ಒಬ್ಬಳೇ ವಿದ್ಯಾರ್ಥಿನಿ ಅವಳು. ಎಲ್ಲರಿಗಿಂತ ಚೆನ್ನಾಗಿ ಕಲಿತವಳೂ ಅವಳೇ.

ಆಗ ಅವಳಿಗೆ ಐವತ್ತೆರಡೋ ಐವತ್ಮೂರೋ. ಗಿಡ್ಡ ಆಳು. ಮೇಜು ಎತ್ತರವಾಯಿತೆಂದು ಕಾಲಡಿಗೆ ಒಂದು ಮರದ ಮಣೆ ಹಾಕಿಕೊಂಡು ನಿಂತು ಕೆಲಸ ಮಾಡುತ್ತಿದ್ದಳು. ಕಾಲರು ಮೊದಲು, ಆಮೇಲೆ ತೋಳು, ಕೊನೆಗೆ ಬೆನ್ನು. ಒಂದು ಅಂಗಿ ಮಡಚಿಟ್ಟರೆ ಅದನ್ನು ಬಿಚ್ಚಿ ಹಾಕಿಕೊಳ್ಳುವುದಕ್ಕೇ ಮನಸ್ಸು ಬರಬಾರದು, ಹಾಗಿರುತ್ತಿತ್ತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿರಲಿಲ್ಲ. ಒಂದು ದಿನದ ಹೊರತು.

ಆ ದಿನ ನಾನು 'ರಿಮೆಂಬರ್' ಎಂಬ ಕ್ರಿಯಾಪದ ತೆಗೆದುಕೊಂಡಿದ್ದೆ. ಅದು ಎಲ್ಲರೂ ಎಡವುವ ಪಾಠ. ಕರಿಹಲಗೆಯ ಮೇಲೆ ಎರಡು ವಾಕ್ಯ ಬರೆದು ಹೇಳಿದೆ:

"ಚೆನ್ನಾಗಿ ಕೇಳಿಸ್ಕೊಳ್ಳಿ. 'ಐ ಡೋಂಟ್ ರಿಮೆಂಬರ್ ಲಾಕಿಂಗ್ ದ ಡೋರ್.' ಬೀಗ ಹಾಕಿದ್ದು ನೆನಪಿಲ್ಲ. ಹಾಕಿರಬಹುದು, ಹಾಕದೇನೂ ಇರಬಹುದು, ಗೊತ್ತಿಲ್ಲ. ಇನ್ನೊಂದು ನೋಡಿ. 'ಐ ಡಿಡಂಟ್ ರಿಮೆಂಬರ್ ಟು ಲಾಕ್ ದ ಡೋರ್.' ಬೀಗ ಹಾಕೋದು ಮರೆತೆ. ಅಂದ್ರೆ ಹಾಕಲೇ ಇಲ್ಲ. ಮಾತು ಅದೇ ರಿಮೆಂಬರ್. ಒಂದು 'ಟು' ಬಂದು ಕೂತ್ಕೊಳ್ತು ಅಷ್ಟೇ. ಮೊದಲನೆಯವನ್ನ ಪೊಲೀಸ್ರು ಮನೆಗೆ ಕಳಿಸ್ತಾರೆ. ಎರಡನೆಯವನು ತಾನಾಗಿ ತಪ್ಪು ಒಪ್ಕೊಂಡ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಮೂಗಿಗೆ ಬಟ್ಟೆ ಸುಟ್ಟ ವಾಸನೆ ಬಡಿಯಿತು. ನಾವೆಲ್ಲ ಪ್ಲೈವುಡ್ ಹಲಗೆಯ ಮೇಲ್ಗಡೆ ನೋಡುತ್ತಿರುವಾಗಲೇ ಅಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಯಾರದೋ ಬಿಳಿ ಅಂಗಿ. ಬೆನ್ನಿನ ನಡುವೆ ಕಂದು ಬಣ್ಣದ ಗುರುತು.

"ಟೀಚರ್, ಈಗ ಹೇಳಿದ್ದು ಇನ್ನೊಂದ್ಸಲ ಹೇಳಿ."

ಹೇಳಿದೆ.

"ಅವೆರಡೂ ಬೇರೆಬೇರೇನಾ? ಇಂಗ್ಲಿಷ್‌ನಲ್ಲೇ ಬೇರೆನಾ?"

"ಬೇರೆಬೇರೆ ಅಕ್ಕಾ."

"ಎಲ್ಲಾರ ಇಂಗ್ಲಿಷ್‌ನಲ್ಲೂ? ಆಫೀಸಿನ ಇಂಗ್ಲಿಷ್‌ನಲ್ಲೂ?"

"ಎಲ್ಲಾರ ಇಂಗ್ಲಿಷ್‌ನಲ್ಲೂ."

ಅವಳು ಅಂಗಿಯನ್ನು ಎರಡು ಮಡಿಕೆ ಮಡಚಿ ಎದೆಗೆ ಒತ್ತಿಕೊಂಡು ಹೊರಟುಹೋದಳು. ಆಮೇಲೆ ಆಚೆಯಿಂದ ಶಟರ್ ಎಳೆದ ಸದ್ದು ಬಂತು.

ಮರುದಿನ ತರಗತಿಗೆ ಒಂದು ಗಂಟೆ ಮೊದಲೇ ಬಂದು ನನ್ನ ಮುಂದೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟಳು. ಒಳಗೆ ಟೈಪ್ ಮಾಡಿದ ಎರಡು ಹಾಳೆ. ಒಂದು ಹೇಳಿಕೆ, ಇನ್ನೊಂದು ಕೆಲಸದಿಂದ ತೆಗೆದುಹಾಕಿದ ಪತ್ರ. ಹೇಳಿಕೆಯ ಕೆಳಗೆ ಕನ್ನಡದಲ್ಲಿ ಅವಳ ಸಹಿ, ಅಕ್ಷರ ಒಂದೊಂದೂ ಬಿಡಿಬಿಡಿ. ಅವಳು ಓದಿಸುವ ಮೊದಲು ಕತೆ ಹೇಳಿದಳು. ಅವತ್ತು ಕೇಳಿದ್ದನ್ನೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಇರಲಿಲ್ಲ. ಗಂಡ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಮನೆಯಲ್ಲಿದ್ದ ಇನ್ನೊಬ್ಬ ಒಂಬತ್ತು ವರ್ಷದ ಮೈದುನ. ಅವನನ್ನು ಅವಳು ಮರಿ ಎಂದು ಕರೆದಳು. ಅವನಿಗೆ ತಲೆ ನರೆತ ಮೇಲೂ ಅವಳ ಬಾಯಲ್ಲಿ ಅದೇ ಹೆಸರು. ಶೂ ಲೇಸು ಕಟ್ಟಿಕೊಳ್ಳುವುದನ್ನು ಕಲಿಸಿದವಳು ಅವಳು. ಜ್ವರ ಬಂದಾಗ ತಲೆಯ ಮೇಲೆ ಒದ್ದೆಬಟ್ಟೆ ಹಾಕಿ ಕೂತವಳು ಅವಳು. ಆ ಮನೆಗೆ ಇಂಗ್ಲಿಷ್ ತಂದವನು ಅವನೇ. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಅವಳ ಕೈಗೆ ಕೊಟ್ಟು ಬಾಯಿಪಾಠ ಒಪ್ಪಿಸುತ್ತಿದ್ದ. "ನನಗೆ ಒಂದಕ್ಷರ ಗೊತ್ತಿರ್ಲಿಲ್ಲ ಟೀಚರ್. ಆದ್ರೆ ಅವನ ದನಿಯಲ್ಲೇ ಗೊತ್ತಾಗ್ತಿತ್ತು, ಇಲ್ಲಿ ತಪ್ಪಿದ ಅಂತ. ನಿಲ್ಲು, ಇನ್ನೊಂದ್ಸಲ ಹೇಳು ಅಂತಿದ್ದೆ. ಅತ್ತಿಗೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ಕಣ್ಣರಳಿಸ್ತಿದ್ದ."

ಒಬ್ಬಳೇ ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಕ್ಕ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಸೇರಿದಳು. ನೆಲಮಾಳಿಗೆಯಲ್ಲಿ ಮೂರು ದೊಡ್ಡ ಡ್ರಮ್ಮುಗಳು, ಹಬೆಯಿಂದ ನೀರು ಕಾಯಿಸುವಂಥವು. ವಾರ್ಡುಗಳ ಹಾಸು, ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ತಳ್ಳುಗಾಡಿಯಲ್ಲಿ ಬಂದು ಬೀಳುತ್ತಿದ್ದವು. ಎರಡನೇ ಡ್ರಮ್ಮಿಗೆ ಇಬ್ಬರು ಆಳು: ಇವಳು, ಮತ್ತು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದ ಇನ್ನೊಬ್ಬಳು. ಹೆಸರಿಗೆ ತಕ್ಕ ಹಾಗೆ ಅವಳು ಇವಳಿಗಿಂತ ಒಂದು ಮೊಳ ಎತ್ತರ. ಹಾಸು ಮಡಚುವಾಗ ಇಬ್ಬರೂ ಎರಡು ತುದಿ ಹಿಡಿದು ಎದುರುಬದುರು ನಡೆದುಬರಬೇಕು. ತುದಿಗೆ ತುದಿ ಕೂಡಬೇಕು. ಇವಳು ಹಿಮ್ಮಡಿ ಎತ್ತಬೇಕು, ಅವಳು ಮೊಣಕಾಲು ಬಗ್ಗಿಸಬೇಕು. ಹನ್ನೆರಡು ವರ್ಷ ಹಾಗೆ ಎದುರುಬದುರು ನಡೆದರು. "ಗಂಡನ ಮುಖಕ್ಕಿಂತ ಅವಳ ಮುಖಾನೇ ಹೆಚ್ಚು ನೋಡಿದೀನಿ" ಎಂದಳು ಅಕ್ಕ.

ಮರಿ ಓದು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಅವಳೇ ಮ್ಯಾನೇಜರ ಕೋಣೆಗೆ ಹೋಗಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತು, "ನಮ್ಮ ಹುಡುಗ ಇಂಗ್ಲಿಷ್ ಚೆನ್ನಾಗಿ ಬರೀತಾನೆ ಸಾರ್" ಎಂದು ಕೇಳಿಕೊಂಡಿದ್ದಳು. ಅವನಿಗೆ ಆಫೀಸಿನಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಕಾಯಂ ಅಲ್ಲ, ಆರಾರು ತಿಂಗಳಿಗೆ ಮುಂದುವರಿಸುವಂಥದ್ದು. ವರ್ಷಗಳು ಕಳೆದರೂ ಅದು ಹಾಗೆಯೇ ಇತ್ತು.

ಒಗೆತ ಮುಗಿದ ಮೇಲೆ ಇವಳು ಹಬೆಯ ವಾಲ್ವಿನ ಚಕ್ರವನ್ನು ಎಂಟು ಸುತ್ತು ತಿರುಗಿಸಿ ಮುಚ್ಚಬೇಕು, ನೀರು ಬಿಡಬೇಕು, ಹತ್ತು ನಿಮಿಷ ಕಾಯಬೇಕು. ಆಮೇಲೆ ಉದ್ದಕ್ಕ ಡ್ರಮ್ಮಿನ ಬಾಗಿಲು ತೆಗೆಯಬೇಕು. ದಿನಕ್ಕೆ ಐದು ಸಲ. ಹನ್ನೆರಡನೇ ವರ್ಷದ ಒಂದು ಬೆಳಿಗ್ಗೆ ಉದ್ದಕ್ಕ ಬಾಗಿಲಿನ ಹಿಡಿಕೆ ಎಳೆದಾಗ ಒಳಗಿನಿಂದ ಹಬೆ ನುಗ್ಗಿತು. ಅವಳ ಬಲಗೈ ಭುಜದವರೆಗೆ, ಕುತ್ತಿಗೆಯ ಒಂದು ಮಗ್ಗುಲು ಬೆಂದುಹೋಯಿತು. ಇವಳೇ ಅವಳನ್ನು ಎಳೆದು ತಣ್ಣೀರಿನ ತೊಟ್ಟಿಯ ಹತ್ತಿರ ತಂದಳು. ಆಸ್ಪತ್ರೆಯೊಳಗೇ ಇದ್ದರೂ ಮೇಲಿನ ಅಂತಸ್ತಿನಿಂದ ಸ್ಟ್ರೆಚರು ಬರಲು ಕಾಲುಗಂಟೆ ಹಿಡಿಯಿತು.

ಮೂರು ದಿನದ ಮೇಲೆ ವಿಚಾರಣೆ. ಮ್ಯಾನೇಜರು ಕನ್ನಡದಲ್ಲಿ ಕೇಳಿದರು, ಇವಳು ಕನ್ನಡದಲ್ಲಿ ಹೇಳಿದಳು, ಮೂಲೆಯಲ್ಲಿ ಕೂತ ಮೈದುನ ಇಂಗ್ಲಿಷಿನಲ್ಲಿ ಟೈಪ್ ಮಾಡಿದ.

"ಆ ದಿನ ವಾಲ್ವ್ ತಿರುಗಿಸಿದ್ಯಾ?"

"ತಿರುಗಿಸಿರ್ತೀನಿ ಸಾರ್. ದಿನಾ ತಿರುಗಿಸ್ತೀನಿ."

"ದಿನಾದ ಮಾತು ಬೇಡ. ಆ ದಿನ, ಆ ಸಲ, ತಿರುಗಿಸಿದ್ದು ನೆನಪಿದ್ಯಾ?"

ಅವಳು ಯೋಚಿಸಿದಳು. ಸುಳ್ಳು ಹೇಳಬಹುದೆಂದು ಹೊಳೆಯಲೇ ಇಲ್ಲವಂತೆ. ದಿನಕ್ಕೆ ಐದರಂತೆ ಹನ್ನೆರಡು ವರ್ಷ ತಿರುಗಿಸಿದ ಚಕ್ರ. ಅದರಲ್ಲಿ ಯಾವ ತಿರುಗಿಸಿದ್ದು ಯಾವ ದಿನದ್ದು?

"ತಿರುಗಿಸಿದ್ದು ನೆನಪಿಲ್ಲ ಸಾರ್" ಎಂದಳು.

ಟೈಪಾದ ಹಾಳೆಯನ್ನು ಮರಿ ಅವಳ ಮುಂದೆ ಇಟ್ಟ. "ಏನು ಬರ್ದಿದೀಯ ಮರಿ?" ಎಂದು ಕೇಳಿದಳು. "ನೀವು ಹೇಳಿದ್ದೇ ಅತ್ತಿಗೆ, ನೆನಪಿಲ್ಲ ಅಂತ." "ಸರಿಯಾಗಿದ್ಯಾ?" "ಸರಿಯಾಗಿದೆ." ಅವಳು ಹೂಂ ಎಂದು ಸಹಿ ಹಾಕಿದಳು.

ತಿಂಗಳು ತುಂಬುವ ಮೊದಲೇ ಕೆಲಸದಿಂದ ತೆಗೆದ ಪತ್ರ ಬಂತು. ಅದನ್ನು ಓದಿ ಹೇಳಿದವನೂ ಅವನೇ. ವಾಲ್ವ್ ಮುಚ್ಚುವುದನ್ನು ಮರೆತೆನೆಂದು ನೀವೇ ಒಪ್ಪಿಕೊಂಡಿರುವುದರಿಂದ, ಎಂದು ಅದರಲ್ಲಿತ್ತು.

"ನಾನು ಮರೆತೆ ಅಂತ ಎಲ್ಲೋ ಹೇಳ್ದೆ?"

"ನೆನಪಿಲ್ಲ ಅಂದ್ರಲ್ಲ ಅತ್ತಿಗೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಮಾತು. ರಿಮೆಂಬರ್. ನೆನಪಿಲ್ಲ ಅಂದ್ರೂ ಅದೇ, ಮರೆತೆ ಅಂದ್ರೂ ಅದೇ. ಏನ್ಮಾಡೋದು?"

ಇಡೀ ಜಗತ್ತನ್ನು ಆಳುವ ಭಾಷೆಯಲ್ಲಿ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜಾಗವಿಲ್ಲವೇ ಎಂದು ಅವಳಿಗೆ ಆಶ್ಚರ್ಯವಾಯಿತಂತೆ. ಆದರೆ ನಂಬಿದಳು. ಇಂಗ್ಲಿಷ್ ಗೊತ್ತಿದ್ದವನು ಅವನು. ಅವನೇಕೆ ಸುಳ್ಳು ಹೇಳುತ್ತಾನೆ?

ಕೆಲಸ ಹೋಯಿತು, ಸರಿ. ಆದರೆ ಆಮೇಲೆ ಆದದ್ದು ಅದಕ್ಕಿಂತ ಕೆಟ್ಟದ್ದು. ಅದನ್ನು ಹೇಳುವಾಗ ಅವಳ ದನಿ ತಗ್ಗಿತು. "ಮರೆತೆ ಮರೆತೆ ಅಂತ ಎಲ್ರೂ ಅಂದ್ರಲ್ಲ ಟೀಚರ್, ಆರು ತಿಂಗಳಿಗೆ ನನಗೇ ಕಾಣೋಕೆ ಶುರುವಾಯ್ತು. ಚಕ್ರದ ಹತ್ರ ಹೋಗ್ತೀನಿ. ಅಷ್ಟ್ರಲ್ಲಿ ಯಾರೋ ಕರೀತಾರೆ. ತಿರುಗಿ ನೋಡ್ತೀನಿ. ಕೈ ಹಾಗೇ ಕೆಳಗೆ ಬರುತ್ತೆ, ಚಕ್ರ ಮುಟ್ಟೋದೇ ಇಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ಯಾರು ಕರೆದ್ರು ಅಂದ್ರೆ ಮುಖ ಇಲ್ಲ. ಹನ್ನೊಂದು ವರ್ಷ ನಾನು ಮರೆತದ್ದು ನನಗೆ ನೆನಪಿತ್ತು. ಈಗ ಆ ಹಾಳೆಯಲ್ಲಿ ಏನಿದೆ ಹೇಳಿ."

ನಾನು ಓದಿದೆ. 'ಐ ಡಿಡ್ ನಾಟ್ ರಿಮೆಂಬರ್ ಟು ಕ್ಲೋಸ್ ದ ಸ್ಟೀಮ್ ವಾಲ್ವ್.' ನಿನ್ನೆ ನಾನು ನಗುನಗುತ್ತ ಕರಿಹಲಗೆಯ ಮೇಲೆ ಬರೆದ ಎರಡನೇ ವಾಕ್ಯ. ಬೀಗದ ಬದಲು ವಾಲ್ವ್, ಅಷ್ಟೇ.

"ಇದರಲ್ಲಿ 'ಟು' ಇದೆ ಅಕ್ಕಾ" ಎಂದೆ.

ಅವಳು ಅಳಲಿಲ್ಲ. ಹಾಳೆಯನ್ನು ವಾಪಸು ತೆಗೆದುಕೊಂಡು ಆ ಎರಡಕ್ಷರದ ಮೇಲೆ ಉಗುರಿನಿಂದ ಒಂದು ಗೀರು ಎಳೆದಳು. "ನೀವು ನನ್ನ ಜೊತೆ ಬರ್ಬೇಕು. ಅವನು ಇಂಗ್ಲಿಷ್‌ನಲ್ಲಿ ಏನಾದ್ರೂ ಅಂದ್ರೆ ನನ್ನ ಹತ್ರ ಉತ್ತರ ಇರಲ್ಲ."

ನಾನು ಹೋಗಬಾರದಿತ್ತೇನೋ. ಹೋದೆ.

ಮೈದುನ ಈಗ ಅದೇ ಆಸ್ಪತ್ರೆಯಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಭಾನುವಾರ ಬೆಳಿಗ್ಗೆ ಮನೆಯಲ್ಲಿದ್ದ. ಗಾಜಿನ ಟೀಪಾಯಿ, ಗೋಡೆಗೆ ಒತ್ತಿ ಇಟ್ಟ ಸೋಫಾ, ಹ್ಯಾಂಗರಿನಲ್ಲಿ ಅಕ್ಕನೇ ಇಸ್ತ್ರಿ ಮಾಡಿಕೊಟ್ಟ ಐದು ಅಂಗಿಗಳು ಸಾಲಾಗಿ. ಪ್ರತಿ ಸೋಮವಾರ ಅವನ ಮನೆಯ ಬಟ್ಟೆಗಂಟು ಅವಳ ಅಂಗಡಿಗೆ ಬರುತ್ತಿತ್ತು. "ಬನ್ನಿ ಅತ್ತಿಗೆ, ಬನ್ನಿ, ಏನು ಅಪರೂಪ" ಎಂದು ಎದ್ದು ನಿಂತ. ಕೆಟ್ಟ ಮನುಷ್ಯನ ಮುಖವಲ್ಲ ಅದು. ಅತ್ತಿಗೆಯನ್ನು ಕಂಡರೆ ನಿಜವಾಗಿಯೂ ಹಿಗ್ಗುವ ಮುಖ.

ಅಕ್ಕ ಹಾಳೆಯನ್ನು ಗಾಜಿನ ಮೇಲಿಟ್ಟಳು. "ಇದನ್ನ ಓದು ಮರಿ. ಮೊದ್ಲು ಒಪ್ಪಿಸ್ತಿದ್ಯಲ್ಲ, ಹಾಗೆ ಗಟ್ಟಿಯಾಗಿ."

ಅವನು ಓದಲಿಲ್ಲ. ಕನ್ನಡಕ ಹಾಕಿಕೊಂಡ, ನೋಡಿದ, ತೆಗೆದ. "ಹಳೇದು ಇದು. ಹನ್ನೊಂದು ವರ್ಷ ಆಯ್ತು. ಏನು ಬರ್ದೆ, ಹೇಗೆ ಬರ್ದೆ ಅಂತ ನನಗೆ ನೆನಪಿಲ್ಲ ಅತ್ತಿಗೆ."

"ನೆನಪಿಲ್ಲ ಅಂದ್ರೆ ಯಾವ ನೆನಪಿಲ್ಲ? ಬರೆದದ್ದು ನೆನಪಿಲ್ವಾ, ಇಲ್ಲಾ ಸರಿಯಾಗಿ ಬರೀಬೇಕು ಅನ್ನೋದು ನೆನಪಾಗ್ಲಿಲ್ವಾ? ಎರಡೂ ಬೇರೆ ಅಂತೆ. ಟೀಚರ್ ಹೇಳಿದ್ರು."

ಅವನು ನನ್ನ ಕಡೆ ನೋಡಿದ. "ಮೇಡಮ್, ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೆ. ಗ್ರಾಮರ್ ತಪ್ಪಾಗಿರಬಹುದು."

ಹಾಗೂ ಆಗಿರಬಹುದೆಂದು ನನಗೂ ಒಂದು ಕ್ಷಣ ಅನಿಸಿತು. ಆ ತಪ್ಪನ್ನು ನನ್ನ ತರಗತಿಯಲ್ಲಿ ವಾರಕ್ಕೆ ಹತ್ತು ಸಲ ತಿದ್ದುತ್ತೇನೆ. ಆದರೆ ಅಕ್ಕ ಅವನ ದನಿ ಕೇಳುತ್ತಿದ್ದಳು, ಮಾತನ್ನಲ್ಲ.

"ನಿಲ್ಲು. ಇಲ್ಲಿ ತಪ್ಪಿದೆ ನೀನು. ಇನ್ನೊಂದ್ಸಲ ಹೇಳು."

ಅವನ ಹೆಂಡತಿ ಟೀ ಹಿಡಿದು ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು. ಅವನು ಹಾಳೆಯನ್ನು ಪಕ್ಕಕ್ಕೆ ಸರಿಸಿದ.

"ಮೊದ್ಲು ಸರಿಯಾಗೇ ಟೈಪ್ ಮಾಡಿದ್ದೆ. ಮ್ಯಾನೇಜರು ನೋಡಿ, ಹೀಗಲ್ಲ, ಹೀಗೆ ಮಾಡು ಅಂದ್ರು. ಫಿಟ್ಟರು ಅದಕ್ಕೆ ಮೊದ್ಲೇ ಎರಡು ಸಲ ಬರ್ದುಕೊಟ್ಟಿದ್ದ, ಎರಡನೇ ಡ್ರಮ್ಮಿನ ವಾಲ್ವ್ ಪೂರ್ತಿ ಮುಚ್ಕೊಳ್ತಿಲ್ಲ ಅಂತ. ಅದು ಹೊರಗೆ ಬಂದ್ರೆ ಮ್ಯಾನೇಜರ ಕುತ್ತಿಗೆಗೆ ಬರ್ತಿತ್ತು. ನಿಮಗೆ ಬರೀ ಒಂದು ಎಚ್ಚರಿಕೆ ಕೊಟ್ಟು ಬಿಡ್ತೀವಿ ಅಂದ್ರು ಅತ್ತಿಗೆ. ಕೆಲ್ಸದಿಂದ ತೆಗೀತಾರೆ ಅಂತ ನಂಗೊತ್ತಿರ್ಲಿಲ್ಲ. ದೇವರಾಣೆ."

"ತೆಗೆದ ಮೇಲೆ ಗೊತ್ತಾಯ್ತಲ್ಲ. ಆಗ?"

ಅವನು ಕನ್ನಡಕವನ್ನು ಮಡಚುತ್ತ ಒಂದೇ ಮಾತು ಹೇಳಿದ. "ನಂದು ಆಗಿನ್ನೂ ಕಾಯಂ ಆಗಿರ್ಲಿಲ್ಲ."

ಅಕ್ಕ ಹಾಳೆಯನ್ನು ಮಡಚಿ ಎದ್ದಳು. ಹೊರಗೆ ಬಂದ ಮೇಲೆ ಮೆಟ್ಟಿಲಲ್ಲಿ ನಿಂತು, "ಕಾಯಂ ಆದ ದಿನ ಮೊದ್ಲು ನನಗೇ ಬಂದು ಹೇಳಿದ್ದ. ಕಾಲಿಗೆ ಬಿದ್ದ. ನಾನು ಅತ್ತುಬಿಟ್ಟೆ ಖುಷಿಗೆ" ಎಂದಳು.

ಗಂಡನಿಗೆ ಹೇಳಿದಳಂತೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಅವನು ನಿನ್ನ ಮಗನ ಥರ ಅಂತ ನೀನೇ ಹೇಳ್ತಿದ್ದೆ. ಮಗ ಮಾಡಿದ್ರೆ ಏನ್ಮಾಡ್ತಿದ್ದೆ? ಹೊಟ್ಟೆಗೆ ಹಾಕ್ಕೊಂಡು ಬಿಡು" ಎಂದರು. ಹನ್ನೊಂದು ವರ್ಷ ನನ್ನನ್ನು ಮರೆಗುಳಿ ಅಂತ ತಮಾಷೆ ಮಾಡಿದವರು ಯಾರು, ಎಂದು ಅವಳು ಕೇಳಿದ್ದಕ್ಕೆ ಅವರು ಕೈತೊಳೆಯಲು ಎದ್ದರು. ಗ್ಯಾಸ್ ಆರಿಸಿದ್ಯಾ, ಬಾಗಿಲು ಹಾಕಿದ್ಯಾ ಎಂದು ಅವರು ದಿನಕ್ಕೆ ಎರಡು ಸಲ ಕೇಳುತ್ತಿದ್ದದ್ದು ನನಗೂ ಗೊತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಫೋನು ಬರುತ್ತಿತ್ತು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ಯಾ ಅಂತ.

ಉದ್ದಕ್ಕನ ಮನೆಗೆ ಅವಳು ಒಬ್ಬಳೇ ಹೋದಳು. ವಾಪಸು ಬಂದ ಸಂಜೆ ನನ್ನ ಕೋಣೆಯ ಕೊನೆಯ ಬೆಂಚಿನಲ್ಲಿ ಕೂತು, ಆದದ್ದನ್ನು ಮುಖದಲ್ಲಿ ಏನೂ ಇಲ್ಲದವಳಂತೆ ಹೇಳಿದಳು. ಉದ್ದಕ್ಕನ ಬಲಗೈ ಮೊಣಕೈಯಿಂದಾಚೆ ನೆಟ್ಟಗಾಗುವುದಿಲ್ಲ. ಎಡಗೈಯಲ್ಲೇ ಗುಂಡಿ ಹೊಲಿಯುವುದನ್ನು ಕಲಿತಿದ್ದಾಳೆ. ಬಾಗಿಲು ತೆಗೆದವಳು ಒಳಗೆ ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಅಕ್ಕ ನಿಂತಲ್ಲೇ ಎಲ್ಲ ಹೇಳಿದಳು: ಹಾಳೆ, 'ಟು', ಮ್ಯಾನೇಜರು, ಫಿಟ್ಟರು ಬರೆದುಕೊಟ್ಟದ್ದು.

ಉದ್ದಕ್ಕ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನೀನು ತಿರುಗಿಸಿದ್ದೆ" ಎಂದಳು.

"ಗೊತ್ತಿಲ್ಲ."

"ಈಗ್ಲೂ ಗೊತ್ತಿಲ್ಲ?"

"ಈಗ್ಲೂ ಗೊತ್ತಿಲ್ಲ ಕಣೇ. ತಿರುಗಿಸಿರ್ತೀನಿ. ತಿರುಗಿಸಿದ್ದು ನೆನಪಿಲ್ಲ."

"ಮತ್ತೆ ಏನು ಹೇಳೋಕೆ ಬಂದೆ?" ಉದ್ದಕ್ಕನ ಕಣ್ಣು ಕೆಂಪಾಗಿತ್ತಂತೆ. "ಈ ಕೈ ನೋಡ್ಕೊಂಡಾಗೆಲ್ಲ ನಿನ್ನ ಬೈಕೊಂಡು ಬದುಕಿದೀನಿ. ಬೈಯೋಕೆ ಒಂದು ಮುಖ ಇತ್ತು. ಈಗ ಬಂದು ಅದೂ ಇಲ್ಲ ಅಂತೀಯ. ಯಾರನ್ನ ಬೈಲಿ? ಫಿಟ್ಟರ್ ಬರೆದ ಚೀಟೀನ?"

ಬಾಗಿಲು ಮುಚ್ಚಿತು.

ನಾನು ಸುಮ್ಮನಿರಲಾರದೆ ಆಸ್ಪತ್ರೆಗೆ ಒಂದು ಅರ್ಜಿ ಬರೆದುಕೊಟ್ಟೆ. ಒಂದೂವರೆ ಪುಟ. ನನ್ನ ಇಂಗ್ಲಿಷನ್ನೆಲ್ಲ ಅದರಲ್ಲಿ ಸುರಿದೆ. ಹೇಳಿಕೆಯನ್ನು ತಿರುಚಲಾಗಿದೆ, ಫಿಟ್ಟರು ಕೊಟ್ಟ ದೂರುಗಳನ್ನು ಹೊರತೆಗೆಯಬೇಕು ಎಂದು. ಈ ಸಲ ಅಕ್ಕ ಸಹಿ ಹಾಕುವ ಮೊದಲು ಒಂದೊಂದು ವಾಕ್ಯಕ್ಕೂ ಬೆರಳಿಟ್ಟು ಅರ್ಥ ಕೇಳಿದಳು, ಎಲ್ಲಿ ರಿಮೆಂಬರ್ ಬಂದರೂ, "ಇದು ಯಾವ ರಿಮೆಂಬರ್ರು?" ಎಂದಳು. ಎರಡು ತಿಂಗಳಾದ ಮೇಲೆ ನಾಲ್ಕೇ ಸಾಲಿನ ಉತ್ತರ ಬಂತು. ಆ ಮ್ಯಾನೇಜರು ನಿವೃತ್ತರಾಗಿ ತೀರಿಕೊಂಡಿದ್ದಾರೆ. ಹತ್ತು ವರ್ಷಕ್ಕಿಂತ ಹಳೆಯ ಕಾಗದಗಳನ್ನು ನಿಯಮದ ಪ್ರಕಾರ ನಾಶಮಾಡಲಾಗಿದೆ. ಕೊನೆಯ ಸಾಲು: 'ಯು ವಿಲ್ ರಿಮೆಂಬರ್ ದಟ್ ಯು ಸೈನ್ಡ್ ದ ಸ್ಟೇಟ್‌ಮೆಂಟ್.'

"ಇದು ಯಾವುದು?" ಎಂದಳು ಅಕ್ಕ.

ನಾನು ಸ್ವಲ್ಪ ತಡವರಿಸಿದೆ. "ಹೇಳಿಕೆಗೆ ಸಹಿ ಹಾಕಿದ್ದು ನಿಮಗೆ ನೆನಪಿರಬಹುದು ಅಂತ. ಮರ್ಯಾದೆಯಿಂದ ಬರ್ದಿದಾರೆ. ಆದ್ರೆ ಅರ್ಥ ಏನಂದ್ರೆ, ಸಹಿ ಹಾಕಿದವಳು ನೀನೇ, ಇನ್ನು ಬಾಯಿಮುಚ್ಕೊಂಡು ಕೂತ್ಕೋ ಅಂತ."

"ಹೂಂ. ಇದೊಂದು ಮಾತ್ರ ಚೆನ್ನಾಗಿ ನೆನಪಿದೆ" ಎಂದು ಅವಳು ನಕ್ಕಳು. ಆ ನಗು ನೋಡಲಾಗಲಿಲ್ಲ.

ಸೋಮವಾರದ ಗಂಟು ಬರುವುದು ನಿಂತಿತು. ಅವಳು ಕೇಳಲಿಲ್ಲ, ಅವರೂ ಕಳಿಸಲಿಲ್ಲ. ಮೈದುನನ ಹೊಸ ಮನೆಯ ಗೃಹಪ್ರವೇಶವೆಂದು ಬೇರೆ ಯಾರದೋ ಬಾಯಿಂದ ಗೊತ್ತಾಯಿತು. ಗಂಡ ಒಬ್ಬರೇ ಹೋಗಿಬಂದರು. ಅದಾದ ಕೆಲವು ದಿನಕ್ಕೆ, ಅರ್ಜಿಯಲ್ಲಿ ಕೊಟ್ಟಿದ್ದ ನನ್ನ ನಂಬರಿಗೆ ಮೈದುನನಿಂದ ಒಂದು ಮೆಸೇಜು ಬಂತು, ಇಂಗ್ಲಿಷಿನಲ್ಲಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಮನೆಯಲ್ಲಿ ಎಲ್ಲರೂ ಕ್ಷೇಮ, ತಮಗೆ ಈ ವರ್ಷ ಬಡ್ತಿ, ಎಂದೆಲ್ಲ ಬರೆದು ಕೊನೆಗೆ, 'ಪ್ಲೀಸ್ ರಿಮೆಂಬರ್ ಮಿ ಟು ಮೈ ಅತ್ತಿಗೆ' ಎಂದಿತ್ತು.

ಅವಳಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಓದಿ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದಳು:

"ನನ್ನನ್ನ ನೆನಪಿಟ್ಕೊಳ್ಳಿ ಅಂತಾನಾ?"

"ಅಲ್ಲ. ಈ ರಿಮೆಂಬರ್ ಬೇರೆ. ಅತ್ತಿಗೇನ ಕೇಳಿದೆ ಅಂತ ಹೇಳಿ, ಅಂತ. ಕ್ಷೇಮಸಮಾಚಾರ ಕೇಳೋ ಹಾಗೆ."

"ಇದಕ್ಕೂ ಅದೇ ಮಾತಾ?"

"ಅದೇ ಮಾತು."

"ಅಲ್ಲಿಗೂ ಒಂದು 'ಟು' ಬಂತು ನೋಡಿ" ಎಂದಳು. ಕೈಯಲ್ಲಿದ್ದ ಅಂಗಿಯ ತೋಳನ್ನು ಮಡಚಿದಳು. "ಉತ್ತರ ಬರೀಬೇಡಿ ಟೀಚರ್. ಏನು ಬರೆದ್ರೂ ಅವನಿಗೆ ಬೇಕಾದ ಹಾಗೆ ಓದ್ಕೋತಾನೆ."

ನಾನು ಬರೆಯಲಿಲ್ಲ.

ಅವಳಿಗೆ ಸಮಾಧಾನವೇನಾದರೂ ಆಯಿತೇ ಎಂದು ಒಮ್ಮೆ ಕೇಳಿದ್ದೆ. ತಪ್ಪು ನಿನ್ನದಲ್ಲವೆಂದು ಗೊತ್ತಾಯಿತಲ್ಲ ಎಂಬ ಅರ್ಥದಲ್ಲಿ. ಅವಳು ಇಲ್ಲವೆಂದು ತಲೆಯಾಡಿಸಿದಳು. ಚಕ್ರದಿಂದ ಕೈ ಕೆಳಗೆ ಬರುವ ಆ ಚಿತ್ರ ಈಗಲೂ ಕಾಣುತ್ತದಂತೆ. ಅದು ಹುಟ್ಟಿದ್ದು ಮ್ಯಾನೇಜರು ಹೇಳಿಸಿ ಮರಿ ಟೈಪ್ ಮಾಡಿದ ಸಾಲಿನಿಂದ ಎಂದು ಗೊತ್ತಿದ್ದರೂ ಹೋಗುವುದಿಲ್ಲ. "ಮೊದ್ಲು ಅದನ್ನ ನೋಡಿದಾಗ ತಪ್ಪು ಮಾಡ್ದೆ ಅಂತ ಅಳ್ತಿದ್ದೆ. ಆ ಅಳೂನಾದ್ರೂ ನಂದಾಗಿತ್ತು. ಈಗ ಅಳೋಕೂ ಬರಲ್ಲ."

ಆ ವರ್ಷದ ಕೊನೆಯ ಹೊತ್ತಿಗೆ, ಒಂದು ಮಧ್ಯಾಹ್ನ, ನಾನು ಅವಳ ಅಂಗಡಿಯಲ್ಲಿ ನನ್ನ ಸೀರೆಗಾಗಿ ಕಾಯುತ್ತ ಕೂತಿದ್ದಾಗ ಉದ್ದಕ್ಕ ಬಂದಳು. ಯಾರೂ ಹೇಳದಿದ್ದರೂ ನನಗೆ ಗೊತ್ತಾಯಿತು. ಒಳಗೆ ಬರುವಾಗ ಶಟರಿಗೆ ತಲೆ ತಗಲದಂತೆ ಬಗ್ಗಿದಳು. ಎಡಗೈಯಲ್ಲಿ ಬಟ್ಟೆಯ ಗಂಟು. ಮೇಜಿನ ಮೇಲಿಟ್ಟು, "ಆರು ಕುಪ್ಪಸ, ಎರಡು ಹಾಸು" ಎಂದಳು.

ಅಕ್ಕ ಏನೂ ಕೇಳದೆ ಗಂಟು ಬಿಚ್ಚಿದಳು. ಮೊದಲ ಹಾಸಿನ ಇಸ್ತ್ರಿ ಮುಗಿದ ಮೇಲೆ ಅದರ ಒಂದು ತುದಿ ಹಿಡಿದಳು. ಉದ್ದಕ್ಕ ತಾನಾಗಿ ಇನ್ನೊಂದು ತುದಿ ಹಿಡಿದಳು. ಆ ಇಕ್ಕಟ್ಟಿನ ಜಾಗದಲ್ಲಿ ಒಂದೇ ಹೆಜ್ಜೆ ಹಿಂದೆ ಹೋಗಿ ಒಂದೇ ಹೆಜ್ಜೆ ಮುಂದೆ ಬಂದರು. ಬಲಗೈ ಏಳದ್ದರಿಂದ ತುದಿಗಳು ಸರಿಯಾಗಿ ಕೂಡಲಿಲ್ಲ. ಅಕ್ಕ ಅದನ್ನು ಸರಿಮಾಡಿ ಮಡಚಿದಳು.

"ಒಂದು ಮಾತು ಹೇಳ್ಬಿಡು" ಎಂದಳು ಉದ್ದಕ್ಕ, ಕುಪ್ಪಸಗಳ ಮೇಲೆ ಕಣ್ಣಿಟ್ಟು. "ಅವತ್ತು ತಿರುಗಿಸಿದ್ದೆ, ಪೂರ್ತಿ ತಿರುಗಿಸಿದ್ದೆ ಅಂತ ನನ್ನ ಮುಖ ನೋಡಿ ಹೇಳು. ಸುಳ್ಳಾದ್ರೂ ಪರ್ವಾಗಿಲ್ಲ. ನಾನು ನಂಬ್ತೀನಿ. ಅಲ್ಲಿಗೆ ಮುಗೀತು. ನಿನ್ನ ಮನೆಗೆ ಬರ್ತೀನಿ, ನೀನು ನನ್ನ ಮನೆಗೆ ಬಾ."

ನಾನು ಅಕ್ಕನ ಕಡೆ ನೋಡಿದೆ. ಹೇಳು, ಹೇಳು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವಳ ತುಟಿ ಅಲುಗಿತು.

"ನೆನಪಿಲ್ಲ ಕಣೇ" ಎಂದಳು.

ಉದ್ದಕ್ಕ ಮಡಚಿದ ಹಾಸನ್ನೂ ಮಡಚದ ಬಟ್ಟೆಗಳನ್ನೂ ಒಟ್ಟಿಗೆ ಸೇರಿಸಿ, ಎಡಗೈಯಿಂದ ಹೇಗೋ ಗಂಟು ಹಾಕಿಕೊಂಡು, ಶಟರಿನಡಿ ಬಗ್ಗಿ ಹೊರಗೆ ಹೋದಳು. ಮತ್ತೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಹೂಂ ಅಂದ್ಬಿಡಬಹುದಿತ್ತಲ್ಲ ಅಕ್ಕಾ. ಅವಳೇ ಬಂದು ಕೇಳಿದಾಗ..."

ಅಕ್ಕ ನನ್ನ ಸೀರೆಯನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದಳು.

"ಗೊತ್ತಿಲ್ದೆ ಹೂಂ ಅಂದದ್ದು ಒಂದ್ಸಲ ಸಾಕು ಟೀಚರ್" ಎಂದಳು.